ಷರಾ ಕಾಲಂನಲ್ಲಿ ಒಂದು ಹಕ್ಕಿ

(ರೈಟರಜ್ಜನಿಗೆ ನೂರು ತುಂಬಿದ ನೆನಪಿಗೆ ಕೊಡಗಿನ ಸುಂಟಿಕೊಪ್ಪದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಆಮೇಲೆ ಮನೆಯಲ್ಲಿ ಕೂತು ಬರೆದೆ. ಅಲ್ಲಿ ಹೇಳಲು ಮರೆತದ್ದನ್ನು ಸೇರಿಸಿದ್ದೇನೆ. ಸಭೆ ಮುಗಿದ ಮೇಲೆ ನಡೆದದ್ದನ್ನೂ ಕೊನೆಗೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ತಕರಾರು. ಹೊರಗೆ ಕಟ್ಟಿರುವ ಫ್ಲೆಕ್ಸ್‌ನಲ್ಲಿ ಅಜ್ಜನ ಫೋಟೋ ಪಕ್ಕ ದೊಡ್ಡ ಕೊಕ್ಕಿನ ಹಕ್ಕಿ ಕೂತಿದೆಯಲ್ಲ, ಅದು ನಮ್ಮ ಮಂಗಟ್ಟೆ ಅಲ್ಲ. ಅದು ಟೂಕನ್, ದಕ್ಷಿಣ ಅಮೆರಿಕದ್ದು. ಫ್ಲೆಕ್ಸ್ ಮಾಡಿದ ಹುಡುಗನನ್ನು ಬೈಯಬೇಡಿ. ಮೊಬೈಲ್‌ನಲ್ಲಿ ಹುಡುಕಿ ಚಂದ ಕಂಡದ್ದನ್ನು ಹಾಕಿದ್ದಾನೆ. ರೈಟರಜ್ಜ ಇದ್ದಿದ್ದರೆ ಅವರೂ ಬೈಯುತ್ತಿರಲಿಲ್ಲ. ಕೆಳಗೆ ಪೆನ್ಸಿಲ್‌ನಲ್ಲಿ "ಇಲ್ಲಿಯದಲ್ಲ" ಅಂತ ಬರೆದು ತಾರೀಖು ಹಾಕುತ್ತಿದ್ದರು, ಅಷ್ಟೇ.

ಇನ್ನೊಂದು, ಹೆಸರಿನ ವಿಷಯ. ಫ್ಲೆಕ್ಸ್‌ನಲ್ಲಿ ಅವರ ಪೂರ್ತಿ ಹೆಸರಿದೆ, ಇನಿಷಿಯಲ್ ಸಮೇತ. ಆ ಹೆಸರು ಹೇಳಿ ಜೀಪ್ ಸ್ಟ್ಯಾಂಡ್‌ನಲ್ಲಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನೇ ಆಮಂತ್ರಣ ಕೈಗೆ ಬಂದಾಗ, ಇವರ್ಯಾರಪ್ಪಾ ಅಂತ ಒಂದು ಕ್ಷಣ ಯೋಚಿಸಿದೆ. ಹಾಗಾಗಿ ನಾನು ರೈಟರಜ್ಜ ಅಂತಲೇ ಹೇಳುತ್ತೇನೆ. ಬರೆಯುವಾಗಲೂ ಹಾಗೇ ಬರೆಯುತ್ತೇನೆ.

ಹೊರಗಿನಿಂದ ಬಂದವರಿಗೆ ಒಂದು ಮಾತು. ಕೊಡಗಿನ ಕಾಫಿ ತೋಟದಲ್ಲಿ ರೈಟರ್ ಅಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಹಾಜರಿ ಹಿಡಿಯುವವನು. ಆಳುಗಳ ಕೂಲಿ ಲೆಕ್ಕದ ಚೆಕ್‌ರೋಲ್ ಬರೆಯುವವನು. ಗೊಬ್ಬರ ಎಷ್ಟು ಮೂಟೆ ಬಂತು, ಕಾಫಿ ಎಷ್ಟು ಚೀಲ ಹೋಯಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಎಲ್ಲ ಅವನ ಲೆಕ್ಕ. ಆ ಕೆಲಸಕ್ಕೆ ಒಂದು ಸಣ್ಣ ಬಾಲ ಇದೆ: ಮಳೆ ಪುಸ್ತಕ. ಆಫೀಸ್ ಎದುರು ಮಳೆಮಾಪಕ ಇರುತ್ತದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರು ಅಳೆದು ಬರೆಯಬೇಕು. ನನ್ನ ಅಪ್ಪ ಅದೇ ತೋಟದಲ್ಲಿ ಜೀಪ್ ಓಡಿಸುತ್ತಿದ್ದರು. ಅಪ್ಪನಿಗೆ ತಿಂಡಿ ಡಬ್ಬಿ ತಗೊಂಡು ಹೋದಾಗೆಲ್ಲ ನಾನು ಅಳತೆ ನೋಡಲು ನಿಲ್ಲುತ್ತಿದ್ದೆ. ನನ್ನ ವಿಜ್ಞಾನ ಪಾಠ ಅಲ್ಲಿಂದ ಶುರು. ಮುಂದೆ ಮೂವತ್ತು ವರ್ಷ ಅದನ್ನೇ ಪಾಠ ಮಾಡಿ ಸಂಬಳ ತಗೊಂಡೆ.

ನೂರನೇ ವರ್ಷ ಆಚರಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ್ದು 1899ರಲ್ಲಿ, ಜನರಲ್ ತಿಮ್ಮಯ್ಯ 1906ರಲ್ಲಿ. ತಿಮ್ಮಯ್ಯನವರ ಮಡಿಕೇರಿಯ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಕೋವಿ ಹಿಡಿದವರಿಗೆ, ಹಾಕಿ ಸ್ಟಿಕ್ ಹಿಡಿದವರಿಗೆ ನಾವು ಮರ್ಯಾದೆ ಮಾಡುತ್ತೇವೆ. ಮಾಡಬೇಕು. ಅಳತೆ ಗ್ಲಾಸ್ ಹಿಡಿದವರಿಗೆ ಇಷ್ಟು ಜನ ಸೇರಿದ್ದನ್ನು ಮಾತ್ರ ನಾನು ಇವತ್ತೇ ಮೊದಲು ನೋಡಿದ್ದು.

ಕಾಡು, ಪ್ರಾಣಿ ಅಂತ ಬದುಕಿದವರು ಕೊಡಗಿನಲ್ಲಿ ಇಲ್ಲ ಅಂತಲ್ಲ. ನಾಗರಹೊಳೆಯ ಕೆ. ಎಂ. ಚಿಣ್ಣಪ್ಪ ಇದ್ದರು. 2024ರಲ್ಲಿ ತೀರಿಕೊಂಡರು. ಕಳ್ಳಬೇಟೆಯವರಿಗೆ ಎದುರು ನಿಂತು ಆ ಕಾಡು ಉಳಿಸಿದವರಲ್ಲಿ ಮುಖ್ಯರು. ಅದು ಧೈರ್ಯದ ಕೆಲಸ. ಅಜ್ಜನದು ಧೈರ್ಯದ ಕೆಲಸ ಅಲ್ಲ. ನಿಜ ಹೇಳಬೇಕಂದರೆ ಬೇಜಾರಿನ ಕೆಲಸ. ಮಳೆ ಇದ್ದರೆ ನೆನೆದುಕೊಂಡು ಅಳೆಯಬೇಕು. ಮಳೆ ಇಲ್ಲದಿದ್ದರೆ ಸೊನ್ನೆ ಬರೆಯಬೇಕು. ಜನವರಿ ಪೂರ್ತಿ ಸೊನ್ನೆ. ಮೂವತ್ತೊಂದು ದಿನವೂ ಹೋಗಿ, ಬಗ್ಗಿ, ಮುಚ್ಚಳ ತೆಗೆದು, ಖಾಲಿ ಬಾಟಲಿ ನೋಡಿ, ಬಂದು ಸೊನ್ನೆ ಬರೆಯುವುದು. ನೋಡದೇ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಒಂದು ಸಲ ನಾನು ಇದನ್ನೇ ಕೇಳಿದ್ದೆ. "ಸೊನ್ನೆಯನ್ನೂ ನೋಡಿಯೇ ಬರೀಬೇಕು ಮಗಾ" ಅಂದಿದ್ದರು.

ಈಗ ಸ್ವಲ್ಪ ದೂರದ ಊರಿಗೆ ಹೋಗೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೇಮ್ಸ್‌ಟೌನ್ ಅಂತ ಒಂದು ಸಣ್ಣ ಊರಿದೆ. ಮೇಜು, ಕುರ್ಚಿ, ಬೀರು ಮಾಡುವ ಫ್ಯಾಕ್ಟರಿಗಳಿದ್ದ ಊರು. 1908ರ ಆಗಸ್ಟ್ 28ರಂದು ಅಲ್ಲಿ ರೋಜರ್ ಟೋರಿ ಪೀಟರ್ಸನ್ ಹುಟ್ಟಿದರು. ಅಪ್ಪನಿಗೆ ಫರ್ನಿಚರ್ ಫ್ಯಾಕ್ಟರಿಯಲ್ಲಿ ಕೆಲಸ. ಏಳನೇ ಕ್ಲಾಸಿನ ಟೀಚರ್ ಮಕ್ಕಳ ಹಕ್ಕಿ ಸಂಘ ಕಟ್ಟಿದರು, ಈ ಹುಡುಗನೂ ಸೇರಿದ. ಒಂದು ದಿನ ಅವನಿಗೆ ಫ್ಲಿಕರ್ ಅನ್ನುವ ಮರಕುಟಿಗ ಕಂಡಿತು. ಕಂದು ಮುದ್ದೆಯ ಹಾಗೆ ಅಲ್ಲಾಡದೆ ಮರಕ್ಕೆ ಅಂಟಿಕೊಂಡಿತ್ತು. ಸತ್ತಿದೆ ಅಂತ ಮುಟ್ಟಲು ಹೋದ. ಅದು ಸತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು. ತಟ್ಟನೆ ಕಣ್ಣು ಬಿಟ್ಟು, ರೆಕ್ಕೆಯಡಿಯ ಬಂಗಾರದ ಬಣ್ಣ ತೋರಿಸಿ ಹಾರಿಹೋಯಿತು. ಆ ಮನುಷ್ಯ ಸಾಯುವವರೆಗೂ ಈ ಕಥೆ ಹೇಳಿಕೊಂಡೇ ಇದ್ದರು.

1934ರಲ್ಲಿ ಅವರ ಹಕ್ಕಿ ಕೈಪಿಡಿ ಬಂತು. ನಾಲ್ಕು ಪ್ರಕಾಶಕರು ಬೇಡ ಅಂದಿದ್ದ ಪುಸ್ತಕ. ಮೊದಲ 2,000 ಪ್ರತಿ ಕೆಲವೇ ದಿನಗಳಲ್ಲಿ ಖಾಲಿ. ಅದರಲ್ಲಿದ್ದ ಉಪಾಯ ಸರಳ. ಹಕ್ಕಿಯ ಚಿತ್ರ ಬರೆದು, ಬಾಲದ ಬಿಳಿ ಪಟ್ಟೆಗೋ ಕಣ್ಣಿನ ಮೇಲಿನ ಗೆರೆಗೋ ಒಂದು ಸಣ್ಣ ಗೀಟು ಎಳೆಯುವುದು. ಇದನ್ನು ನೋಡು, ಸಾಕು, ಅಂತ. ಅದಕ್ಕೂ ಮೊದಲು ಹಕ್ಕಿ ಯಾವುದು ಅಂತ ಖಚಿತ ಮಾಡಿಕೊಳ್ಳಲು ಹೊಡೆದು ಕೈಯಲ್ಲಿ ಹಿಡಿದು ನೋಡುವ ರೂಢಿ ಜಾಸ್ತಿ ಇತ್ತು. ಊರಿನಲ್ಲಿ 1984ರಲ್ಲಿ ಅವರ ಹೆಸರಿನ ಸಂಸ್ಥೆ ಶುರುವಾಯಿತು. 2008ರಲ್ಲಿ ಅವರಿಗೆ ನೂರು ತುಂಬಿತು. ಒಂದು ತಮಾಷೆ ಅಂದರೆ, ಹೊರಗಿನವರಿಗೆ ಆ ಊರು ಜಾಸ್ತಿ ಗೊತ್ತಿರುವುದು ಲೂಸಿಲ್ ಬಾಲ್ ಅನ್ನುವ ಹಾಸ್ಯ ನಟಿಯಿಂದ. ಹಕ್ಕಿ ನೋಡುವವನಿಗೆ ಎಲ್ಲ ಊರಲ್ಲೂ ಎರಡನೇ ಸಾಲೇ ಅಂತ ಕಾಣುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಅಜ್ಜನನ್ನು ಪೀಟರ್ಸನ್ ಪಕ್ಕ ಕೂರಿಸಲು ಅಲ್ಲ. ಇಲ್ಲಿ ಇಬ್ಬರು ಭಾಷಣದಲ್ಲಿ "ನಮ್ಮೂರಿನ ಸಲೀಂ ಅಲಿ" ಅಂದರು. ದಯವಿಟ್ಟು ಬೇಡ. ಹಕ್ಕಿ ತಜ್ಞ ಸಲೀಂ ಅಲಿ ದೇಶವಿಡೀ ತಿರುಗಿದವರು. ಅಜ್ಜ ಪುತ್ತೂರು ಕಡೆಯಿಂದ ಇಪ್ಪತ್ತೈದನೇ ವಯಸ್ಸಿಗೆ ಇಲ್ಲಿಗೆ ಬಂದರು. ಆಮೇಲೆ ಸಂಪಾಜೆ ಘಾಟಿ ಇಳಿದದ್ದು ಮದುವೆಗೆ, ಸಾವಿಗೆ ಮಾತ್ರ. ಅವರ ಪ್ರಪಂಚ ಆಫೀಸಿನಿಂದ ತೋಡಿನವರೆಗೆ (ತೋಡು ಅಂದರೆ ಸಣ್ಣ ಹಳ್ಳ), ತೋಡಿನಿಂದ ಕೂಲಿಯವರ ಲೈನ್ ಮನೆವರೆಗೆ. ಅಲ್ಲಿಯೇ ನಿಂತು ನೋಡಿದರು. ಅವರ ಬೆಲೆ ಇರುವುದು ಅದರಲ್ಲಿ.

ಕೊಡಗಿನ ಹಕ್ಕಿಗಳ ಬಗ್ಗೆ ಅವರಿಗಿಂತ ಮೊದಲೂ ಬರೆದವರಿದ್ದಾರೆ. ಎಫ್. ಎನ್. ಬೆಟ್ಸ್ ಅನ್ನುವ ಪ್ಲಾಂಟರ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ 1929ರಲ್ಲೇ ಬರೆದರು. ದೊರೆಗಳಿಗೆ ಜರ್ನಲ್ ಇತ್ತು. ರೈಟರ್‌ಗೆ ಇದ್ದದ್ದು ಷರಾ ಕಾಲಂ.

ಮಳೆ ಪುಸ್ತಕ ಹೇಗಿರುತ್ತದೆ ಅಂತ ಗೊತ್ತಲ್ವಾ? ತಂದಿದ್ದೇನೆ, ಮುಂದಿನ ಸಾಲಿನವರು ನೋಡಿ. ಉದ್ದದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಒಂದು ಪುಟಕ್ಕೆ ಒಂದು ತಿಂಗಳು. ತಾರೀಖು, ಇಂಚು, ಸೆಂಟ್, ಒಟ್ಟು, ಕೊನೆಗೆ ಷರಾ. ನಮ್ಮಲ್ಲಿ ಮಳೆಯ ಲೆಕ್ಕ ಇವತ್ತಿಗೂ ಸೆಂಟ್‌ನಲ್ಲೇ. ನೂರು ಸೆಂಟ್ ಅಂದರೆ ಒಂದು ಇಂಚು. ರೇಡಿಯೋದವರು ಮಿಲಿಮೀಟರ್ ಹೇಳಲಿ, ಮಾರ್ಚ್‌ನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತಲೇ. ಹೂಮಳೆಯ ಹೊತ್ತಿಗೆ ಸೆಂಟ್ ಅಂದರೆ ದುಡ್ಡು. ಮೊಗ್ಗು ಒಣ ಹವೆಯಲ್ಲಿ ಸುಮ್ನೆ ಕಾದು ಕೂತಿರುತ್ತದೆ. ಒಂದು ಇಂಚು ಸರಿಯಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಬಿಳಿ. ಇಪ್ಪತ್ತು ಸೆಂಟ್ ಬಿದ್ದು ನಿಂತರೆ ಹೂ ಅರಳದೆ ಹಾಳು. ಆದ್ದರಿಂದ ಇಂಚು, ಸೆಂಟ್ ಕಾಲಂ ಧಣಿಗಳದ್ದು. ತಿಂಗಳ ಕೊನೆಗೆ ಅವರು ಅದನ್ನು ನೋಡಿ ಸಹಿ ಹಾಕುತ್ತಿದ್ದರು. ಷರಾ ಯಾರೂ ಓದುತ್ತಿರಲಿಲ್ಲ.

ಷರಾದಲ್ಲಿ ಸಾಮಾನ್ಯವಾಗಿ ಬರೆಯುವುದು "ಗುಡುಗು", "ಆಲಿಕಲ್ಲು", "ಗಾಳಿ, ಎರಡು ಮರ ಬಿತ್ತು". ಅಜ್ಜನೂ ಹಾಗೇ ಶುರು ಮಾಡಿದರು. ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದು ಸಾಲು ಇದೆ: "ತೋಡಿನ ಕಲ್ಲಿನ ಮೇಲೆ ಬಾಲ ಕುಣಿಸುವ ಹಕ್ಕಿ. ಹೊಟ್ಟೆ ಹಳದಿ. ಒಂದೇ." ಮರುವರ್ಷ ಸೆಪ್ಟೆಂಬರ್‌ನಲ್ಲಿ, "ಬಾಲ ಕುಣಿಸುವುದು ಬಂತು." ಅದರ ಮರುವರ್ಷ ಬರೀ "ಬಂತು." ಅಷ್ಟರ ಹೊತ್ತಿಗೆ ಅದು ಅವರಿಗೆ ನೆಂಟರ ಹಾಗೆ ಆಗಿತ್ತು ಅಂತ ಕಾಣುತ್ತದೆ, ಹೆಸರು ಹೇಳಬೇಕಾಗಿರಲಿಲ್ಲ. ಏಪ್ರಿಲ್ ಹೊತ್ತಿಗೆ "ಕಾಣಲಿಲ್ಲ" ಅಂತ ಒಂದು ಸಾಲು. ಅದು ಬೂದು ಸಿಪಿಲೆ. ಹಿಮಾಲಯ ಮತ್ತು ಅದರಾಚೆಯ ಉತ್ತರದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ತೋಡುಗಳಿಗೆ ಬರುವ ಹಕ್ಕಿ. ಇದು ಅಜ್ಜನಿಗೆ ಗೊತ್ತಿರಲಿಲ್ಲ. ಬಂತು, ಹೋಯಿತು, ಇಷ್ಟು ಗೊತ್ತಿತ್ತು. ತಾರೀಖು ಸಮೇತ ಗೊತ್ತಿತ್ತು.

1974ರ ಜೂನ್ ಪುಟ ನನಗೆ ತುಂಬ ಇಷ್ಟ. "ಸಣ್ಣ ಹಳದಿ ಕಪ್ಪೆ, ಕಾಫಿ ಎಲೆ ಮೇಲೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಕೂಗು ಟಿಂಕ್ ಟಿಂಕ್." ನಾಲ್ಕು ದಿನ ಬಿಟ್ಟು, "ತೋಡು, ಹೊಂಡ, ತೊಟ್ಟಿ ನೋಡಿದೆ. ಇದರ ಮರಿ ಇಲ್ಲ." ಇನ್ನೊಂದು ವಾರಕ್ಕೆ, "ಮರಿ ನೀರಲ್ಲಿ ಆಗುವುದಿಲ್ಲವೋ?" ಪ್ರಶ್ನೆ ಚಿಹ್ನೆ ದೊಡ್ಡದಾಗಿದೆ, ಪಕ್ಕದ ಗೆರೆ ದಾಟಿ ಒಟ್ಟು ಕಾಲಂಗೆ ಹೋಗಿದೆ. ಸೆಂಟ್ ಲೆಕ್ಕಕ್ಕೆ ಅಡ್ಡ ಬಂದಿದೆ!

ಉತ್ತರ ಏನು ಅಂದರೆ, ಆಗುವುದಿಲ್ಲ. ನಮ್ಮ ಕಾಫಿ ಗಿಡಗಳಲ್ಲಿ, ಪೊದೆಗಳಲ್ಲಿ ಕೂಗುವ ಈ ಗುಂಪಿನ ಕಪ್ಪೆಗಳಿಗೆ ಗೊದಮೊಟ್ಟೆ ಹಂತ ನೀರಲ್ಲಿ ಇಲ್ಲವೇ ಇಲ್ಲ. ಮೊಟ್ಟೆಯೊಳಗೇ ಎಲ್ಲ ಮುಗಿಸಿ, ಪುಟ್ಟ ಕಪ್ಪೆಯಾಗಿಯೇ ಹೊರಗೆ ಬರುತ್ತವೆ. ಅಂಥ ಒಂದು ಹಳದಿ ಕಪ್ಪೆಗೆ ವಿಜ್ಞಾನಿಗಳು ಹೆಸರಿಟ್ಟದ್ದು 2003ರಲ್ಲಿ, ಕೊಡಗಿನಲ್ಲಿ ಸಿಕ್ಕಿದ ಕಪ್ಪೆಗಳನ್ನು ಇಟ್ಟುಕೊಂಡು. ಈಗ ಅದರ ಹೆಸರು ರಾವೋರ್ಕೆಸ್ಟಿಸ್ ಲೂಟಿಯೋಲಸ್. ಅಜ್ಜ ನೋಡಿದ್ದು ಅದೇ ಅಂತ ನಾನು ಪ್ರಮಾಣ ಮಾಡಲಾರೆ. ನಮ್ಮಲ್ಲಿ ಹಳದಿ ಕಪ್ಪೆ ಒಂದೇ ಇಲ್ಲ. 2003ರ ಹೊತ್ತಿಗೆ ಅಜ್ಜ ತೀರಿಕೊಂಡು ಎರಡು ವರ್ಷ ಆಗಿತ್ತು, ಕೇಳಲೂ ಆಗಲಿಲ್ಲ. ಪ್ರತಿ ಮಳೆಗಾಲದಲ್ಲಿ ನಮ್ಮ ಕಿಟಕಿ ಪಕ್ಕ ಕೂತು ನಿದ್ದೆ ಕೆಡಿಸುತ್ತಿದ್ದ ಜೀವಕ್ಕೆ ಅಲ್ಲಿವರೆಗೆ ಪುಸ್ತಕದಲ್ಲಿ ಹೆಸರೇ ಇರಲಿಲ್ಲ, ಯೋಚಿಸಿ ನೋಡಿ.

ಜೇನಿನ ವಿಷಯ ಹೇಳಿದರೆ ಇಲ್ಲಿರುವ ಹಿರಿಯರಿಗೆ ಹೊಟ್ಟೆ ಉರಿಯುತ್ತದೆ. 1991-92ರಲ್ಲಿ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತು. ದಕ್ಷಿಣ ಭಾರತದ ಎಷ್ಟೋ ಕಡೆ ಪೆಟ್ಟಿಗೆಗಳು ಖಾಲಿಯಾದವು. ಕೊಡಗಿನ ಜೇನಿಗೆ ಅಷ್ಟು ಹೆಸರಿತ್ತು, ಮನೆಮನೆಯಲ್ಲಿ ಪೆಟ್ಟಿಗೆ ಇತ್ತು. ಅಜ್ಜ ಆಗ ರಿಟೈರ್ ಆಗಿದ್ದರು, ಆದರೂ ಬರೆಯುವುದು ನಿಂತಿರಲಿಲ್ಲ. ಅವರ ಸಾಲು: "ಮರಿಹುಳ ಸತ್ತಿದೆ. ಚಿಮುಟದಲ್ಲಿ ಎತ್ತಿದರೆ ಚೀಲದ ಹಾಗೆ ಬರುತ್ತದೆ, ಒಳಗೆ ನೀರು." ರೋಗದ ಹೆಸರೇ ಅದು. ಸ್ಯಾಕ್ ಅಂದರೆ ಚೀಲ. ಹೆಸರು ಕೇಳಿರದ ಮನುಷ್ಯ ಕಣ್ಣಿಂದ ಅಲ್ಲಿಗೇ ಬಂದು ಮುಟ್ಟಿದ್ದರು. ಮುಂದಿನ ಸಾಲು, "ಮೂರು ಪೆಟ್ಟಿಗೆಯೂ ಖಾಲಿ. ಮಳೆ 0."

ಕಕ್ಕಡದ ಕಥೆ ಹೇಳದಿದ್ದರೆ ನನ್ನನ್ನು ಬಿಡುವುದಿಲ್ಲ ನೀವು. ಕಕ್ಕಡ ಅಂದರೆ ಕೊಡವರ ಮಳೆಗಾಲದ ತಿಂಗಳು. ಅದರ ಹದಿನೆಂಟನೇ ದಿನ ಆಗಸ್ಟ್ 3. ಅವತ್ತು ಮದ್ದುಸೊಪ್ಪಿನ ಪಾಯಸ, ಮದ್ದುಪುಟ್ಟು. ಸೊಪ್ಪು ಕುದಿಸಿದ ನೀರು ಕಡು ನೇರಳೆ. ಆ ದಿನ ಅದರಲ್ಲಿ ಹದಿನೆಂಟು ಬಗೆ ಮದ್ದು ತುಂಬಿರುತ್ತದೆ ಅಂತ ನಂಬಿಕೆ. ತಿಂದ ಮರುದಿನ ಬೆಳಿಗ್ಗೆ ಹೊಸಬರು ಗಾಬರಿಯಾಗಿ ಡಾಕ್ಟರ ಹತ್ತಿರ ಓಡುವುದೂ ಉಂಟು. ಮೂತ್ರ ಕೆಂಪಾಗುತ್ತದಲ್ಲ, ಅದಕ್ಕೆ. ಅಜ್ಜನಿಗೆ ಒಂದು ವರ್ಷ ತಲೆಗೆ ಹುಳ ಬಿತ್ತು. ಬಣ್ಣ ಆ ದಿನ ಮಾತ್ರವೋ, ಹಿಂದೆ ಮುಂದೆ ಕೂಡವೋ? ಜುಲೈ 20ಕ್ಕೆ ಹತ್ತು ಎಲೆ, ಆಗಸ್ಟ್ 3ಕ್ಕೆ ಹತ್ತು ಎಲೆ, ಆಗಸ್ಟ್ 25ಕ್ಕೆ ಹತ್ತು ಎಲೆ. ಅದೇ ಪಾತ್ರೆ, ಅದೇ ಅಳತೆ ನೀರು. ಗಾಜಿನ ಲೋಟಕ್ಕೆ ಹಾಕಿ ಕಿಟಕಿ ಬೆಳಕಿಗೆ ಹಿಡಿದು ನೋಡುವುದು. ಹೆಂಡತಿ "ಈ ಮನುಷ್ಯನಿಗೆ ದೇವರ ಮೇಲೂ ನಂಬಿಕೆ ಇಲ್ಲ" ಅಂತ ಊರಿಗೆಲ್ಲ ಹೇಳಿಕೊಂಡು ಬಂದರಂತೆ. ಷರಾದಲ್ಲಿ ಹೀಗಿದೆ: "ಮೂರು ಸಲವೂ ಬಣ್ಣ ಬಂತು. ಎರಡನೆಯದು ಜಾಸ್ತಿ ಗಾಢ. ಆದರೆ ಆ ದಿನದ ಎಲೆ ದೊಡ್ಡದಿತ್ತು. ಬರುವ ವರ್ಷ ಎಲೆ ತೂಕ ಮಾಡಬೇಕು. ಮದ್ದು ಎಷ್ಟು ಎಂದು ಲೋಟಕ್ಕೆ ಗೊತ್ತಾಗುವುದಿಲ್ಲ."

ಆ "ಆದರೆ ಎಲೆ ದೊಡ್ಡದಿತ್ತು" ಅನ್ನುವುದನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದೆನೋ ಲೆಕ್ಕವಿಲ್ಲ. ಪ್ರಯೋಗ, ನಿಯಂತ್ರಣ, ಚರ ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳು ಕಿಟಕಿ ನೋಡುತ್ತಾರೆ. ಇದನ್ನು ಹೇಳಿದರೆ ನಗುತ್ತಾರೆ, ಆಮೇಲೆ ಅರ್ಥ ಮಾಡಿಕೊಳ್ಳುತ್ತಾರೆ. ಬರುವ ವರ್ಷ ಎಲೆ ತೂಕ ಮಾಡಿದರಾ? ಇಲ್ಲ. ಹೆಂಡತಿ ಬಿಡಲಿಲ್ಲ ಅಂತ ಕಾಣುತ್ತದೆ.

ಅಜ್ಜನನ್ನು ದೇವರು ಮಾಡುವುದು ಬೇಡ ಅಂತ ಒಂದೆರಡು ತಪ್ಪನ್ನೂ ಹೇಳುತ್ತೇನೆ. ತೋಡಿಗೆ ಬರುವ ಸಿಪಿಲೆ ಒಂಬತ್ತು ವರ್ಷ ಅದೇ ಒಂದು ಹಕ್ಕಿ ಅಂತ ಅವರು ನಂಬಿದ್ದರು. ಕಾಲಿಗೆ ಉಂಗುರ ಹಾಕದೆ ಅದನ್ನು ಹೇಳಲು ಬರುವುದಿಲ್ಲ. ನಾನು ಹೇಳಿದಾಗ ಒಪ್ಪಲಿಲ್ಲ, ಎರಡು ದಿನ ಮಾತೂ ಬಿಟ್ಟರು. ಹೀಗೆ ತಪ್ಪಿದವರಲ್ಲಿ ಅವರೊಬ್ಬರೇ ಅಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಅನ್ನುವ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಜೀವಮಾನವಿಡೀ ತನ್ನ ಹಳ್ಳಿಯನ್ನೇ ನೋಡಿ 1789ರಲ್ಲಿ ಪುಸ್ತಕ ತಂದರು. ನೋಡಲು ಒಂದೇ ಥರ ಇದ್ದ ಮೂರು ಹಕ್ಕಿಗಳನ್ನು ಬರೀ ಕೂಗಿನಿಂದ ಬೇರೆ ಮಾಡಿದ ಕಿವಿ ಅವರದು. ಅಂಥವರೇ, ಕವಲುತೋಕೆ ಹಕ್ಕಿಗಳಲ್ಲಿ ಕೆಲವು ಚಳಿಗಾಲದಲ್ಲಿ ಎಲ್ಲೂ ಹೋಗದೆ ಅಲ್ಲೇ ಅಡಗಿ ನಿದ್ದೆ ಮಾಡುತ್ತವೇನೋ ಅಂತ ಕೊನೆ ತನಕ ಅನುಮಾನ ಇಟ್ಟುಕೊಂಡಿದ್ದರು.

ಇನ್ನೊಂದು, ತಪ್ಪು ಅನ್ನಬೇಕೋ ಬೇಡವೋ ನನಗೆ ಗೊತ್ತಿಲ್ಲ. ಆಫೀಸ್ ಕೆಳಗೆ ದೊಡ್ಡ ಅತ್ತಿ ಮರ ಇತ್ತು. ಹಣ್ಣಾದಾಗ ಮಂಗಟ್ಟೆ, ಕುಟ್ರುಹಕ್ಕಿ, ಹಸಿರು ಪಾರಿವಾಳ ಎಲ್ಲ ಅಲ್ಲೇ. ನೆರಳು ಜಾಸ್ತಿಯಾಯಿತು, ಸಿಲ್ವರ್ ಓಕ್ ಮರ ನೆಟ್ಟರೆ ಕರಿಮೆಣಸೂ ಹಬ್ಬುತ್ತದೆ, ಮರವೂ ದುಡ್ಡಾಗುತ್ತದೆ ಅಂತ ಧಣಿಗಳು ಅತ್ತಿ ಕಡಿಸಿದರು. ಎಲ್ಲ ತೋಟದಲ್ಲೂ ಆಗುತ್ತಿದ್ದದ್ದೇ, ಈಗಲೂ ಆಗುತ್ತಿರುವುದೇ. ಅವತ್ತಿನ ಚೆಕ್‌ರೋಲ್ ಹಾಳೆ ಮಳೆ ಪುಸ್ತಕದ ಒಳಗೇ ಸಿಕ್ಕಿತು. ನಾಲ್ಕು ಆಳು, ಎರಡು ದಿನ, ಅತ್ತಿ ಮರ ಕಡಿದು ಸಾಗಿಸಿದ ಬಾಬ್ತು. ಅಜ್ಜನದೇ ಅಕ್ಷರ, ಅಜ್ಜನದೇ ಸಹಿ. ಅದೇ ತಾರೀಖಿನ ಷರಾ: "ಮಂಗಟ್ಟೆ ಎರಡು ಬಂದವು. ಮೇಲೆ ಒಂದು ಸುತ್ತು ಹಾಕಿ ಹೋದವು." ಎರಡನ್ನೂ ಒಂದೇ ಪೆನ್ನಿನಲ್ಲಿ ಬರೆದಿದ್ದಾರೆ. ಅವತ್ತು ಅವರ ಮನಸ್ಸಿನಲ್ಲಿ ಏನಿತ್ತು ಅಂತ ಪುಸ್ತಕ ಹೇಳುವುದಿಲ್ಲ, ನಾನೂ ಊಹಿಸುವುದಿಲ್ಲ.

ಪುಸ್ತಕಗಳು ಎಷ್ಟಿವೆ ಅಂತ ಕೇಳಿದಿರಿ. ನಲವತ್ತಕ್ಕೂ ಜಾಸ್ತಿ ಇರಬೇಕಿತ್ತು. ಉಳಿದದ್ದು ಇಪ್ಪತ್ತಮೂರು. ತೋಟ ಕೈ ಬದಲಾದಾಗ ಹಳೇ ಚೆಕ್‌ರೋಲ್ ಜೊತೆ ಕೆಲವು ರದ್ದಿಗೆ ತೂಕಕ್ಕೆ ಹೋದವು. ಒಂದು ಪುಸ್ತಕದ ಲೆಕ್ಕ ನಾನು ಕೊಡಬೇಕು. ನಾನು ಕಾಲೇಜಿಗೆ ಹೋಗುವಾಗ ಅಜ್ಜ ನನಗೆ ಒಂದು ಪುಸ್ತಕ ಕೊಟ್ಟಿದ್ದರು, ಓದಿ ವಾಪಸ್ ಕೊಡು ಅಂತ. ಅಟ್ಟದ ಮೇಲಿಟ್ಟು ಮರೆತೆ. ಮೂರು ವರ್ಷ ಬಿಟ್ಟು ನೋಡಿದರೆ ಕೆಂಪು ಬಟ್ಟೆಯ ಬೆನ್ನು ಮಾತ್ರ ಇತ್ತು, ಒಳಗೆಲ್ಲ ಗೆದ್ದಲು. ಅಜ್ಜನಿಗೆ ಹೇಳಲು ಹೋದೆ. ಕೇಳಿಸಿಕೊಂಡರು. "ಯಾವ ವರ್ಷದ್ದು?" ಅಂದರು. 1959 ಅಂದೆ. ಒಳಗೆ ಹೋಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು, "1959 ಇಲ್ಲ" ಅಂತ. ಆ ಚೀಟಿ ಈಗಲೂ ಇದೆ.

ಮಳೆಮಾಪಕವೂ ಯಾವಾಗಲೂ ನೆಟ್ಟಗಿರಲಿಲ್ಲ. ಪಕ್ಕದಲ್ಲಿರುವ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಅದನ್ನು ಇಡಬೇಕು ಅಂತ ನಿಯಮ. 1977ರಲ್ಲಿ ಕಾಫಿ ಕಣ ದೊಡ್ಡದು ಮಾಡುವಾಗ ಅದನ್ನು ಕಿತ್ತು ಸಿಲ್ವರ್ ಮರದ ಪಕ್ಕ ನೆಟ್ಟರು. ಸರಿ ಮಾಡಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ಪ್ರತಿ ತಿಂಗಳ ಒಂದನೇ ತಾರೀಖಿನ ಷರಾದಲ್ಲಿ ಒಂದೇ ಸಾಲು: "ಮರ ಹತ್ತಿರ. ಅಳತೆ ಕಡಿಮೆ ಬರಬಹುದು." ನಲವತ್ತೆಂಟು ಸಲ. ಹಾಗಾಗಿ ಈ ಪುಸ್ತಕ ಹಿಡಿದು ಕೊಡಗಿನ ಮಳೆ ಕಡಿಮೆಯಾಗಿದೆ ಅಂತಲೋ ಜಾಸ್ತಿಯಾಗಿದೆ ಅಂತಲೋ ಯಾರಾದರೂ ಸುಮ್ನೆ ಗ್ರಾಫ್ ಎಳೆದರೆ ಅಜ್ಜನೇ ತಡೆಯುತ್ತಾರೆ.

2018ರ ಆಗಸ್ಟ್ ಅನ್ನು ಈ ಸಭೆಗೆ ಯಾರೂ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ಗುಡ್ಡ ಜಾರಿದ ಮೇಲೆ ಬಂದವರೆಲ್ಲ ಕೇಳಿದ್ದು ಒಂದೇ. ಈ ಗುಡ್ಡದ ಮೇಲೆ ಎಷ್ಟು ಮಳೆ ಬಿತ್ತು? ಹಿಂದೆ ಯಾವತ್ತಾದರೂ ಇಷ್ಟು ಬಿದ್ದಿತ್ತಾ? ಮಡಿಕೇರಿಯ ಅಂಕಿ ಇಲ್ಲಿಗೆ ಆಗುವುದಿಲ್ಲ. ಭಾಗಮಂಡಲದಲ್ಲಿ 200 ಇಂಚು ದಾಟುವ ವರ್ಷ ಉಂಟು, ಕುಶಾಲನಗರದ ಕಡೆ 50 ಇಂಚು ಬಂದರೆ ಒಳ್ಳೆ ಮಳೆ. ನಾವು ನಡುವೆ. ಒಂದೇ ಗುಡ್ಡದ ಆ ಬದಿಗೂ ಈ ಬದಿಗೂ ವ್ಯತ್ಯಾಸ. ಆಗ ಜನ ಹುಡುಕಿಕೊಂಡು ಹೋದದ್ದು ತೋಟದ ಮಳೆ ಪುಸ್ತಕಗಳನ್ನೇ. ಅಜ್ಜನ ಸೊಸೆ ಬೀರುವಿನಿಂದ ಇವನ್ನು ತೆಗೆದು ಬಿಸಿಲಿಗೆ ಹಾಕಿದ್ದೂ ಆಗಲೇ. ಇಲ್ಲದಿದ್ದರೆ ಇವತ್ತಿನ ಸಭೆಯೂ ಇರುತ್ತಿರಲಿಲ್ಲ.

ಸಮಿತಿಯವರು ಪ್ರತಿಮೆಯ ಮಾತಾಡುತ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಪ್ರತಿಮೆಯ ಮೇಲೆ ಕಾಗೆ ಕೂರುತ್ತದೆ. ಅದು ಅಜ್ಜನಿಗೆ ಇಷ್ಟವೇ, ಬಿಡಿ. ಆದರೆ ಆ ದುಡ್ಡಿನ ಸಣ್ಣ ಭಾಗದಲ್ಲಿ ನಮ್ಮ ಸುತ್ತಲಿನ ನಾಲ್ಕು ಶಾಲೆಗಳಿಗೆ ಮಳೆಮಾಪಕ ಬರುತ್ತದೆ. ಅದಕ್ಕೆ ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಬೇಕಾಗಿರುವುದು ಭಾನುವಾರವೂ, ಪುತ್ತರಿ ಹಬ್ಬದ ದಿನವೂ ಬಂದು ಅಳೆಯುವ ಒಬ್ಬ ಹುಡುಗ ಅಥವಾ ಹುಡುಗಿ. ಕಷ್ಟ ಇರುವುದು ಅಲ್ಲೇ. ಷರಾ ಕಾಲಂ ಸ್ವಲ್ಪ ಅಗಲ ಇರಲಿ.

ಕೊನೆಗೆ ನನಗೆ ಅರ್ಥವಾಗದ ಒಂದು ಪುಟ ತೋರಿಸಿ ಕೂರುತ್ತೇನೆ. 1968ರ ಜುಲೈ. ಹತ್ತನೇ ತಾರೀಖಿನಿಂದ ಹನ್ನೊಂದು ದಿನ ಇಂಚು, ಸೆಂಟ್ ಜಾಗದಲ್ಲಿ ಅಂಕಿ ಇಲ್ಲ. ಬರೀ ಪೆನ್ಸಿಲ್ ಗೀಟು. ಕೆಲವು ಉದ್ದ, ಕೆಲವು ಗಿಡ್ಡ. ಷರಾ ಖಾಲಿ. ಗೀಟಿನ ಕೆಳಗೆ ಆಮೇಲೆ ಮಸಿಯಲ್ಲಿ ಅಜ್ಜನ ಸಣ್ಣ ಅಂಕಿಗಳಿವೆ. ಮನೆಯ ಯಾವುದೋ ಮಗು ಪುಸ್ತಕದ ಮೇಲೆ ಗೀಚಿರಬೇಕು ಅಂತ ನಾನು ಅಂದುಕೊಂಡಿದ್ದೇನೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ನಮಸ್ಕಾರ.

(ಸಭೆಯ ನಂತರ)

ಊಟಕ್ಕೆ ಏಳುವಾಗ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಲೈನ್ ಮನೆಯಲ್ಲಿ ಇದ್ದವರಂತೆ, ಈಗ ಮಗನ ಜೊತೆ ಪೇಟೆಯಲ್ಲಿದ್ದಾರೆ.

"ಟೀಚರೇ, ಅದು ಮಗು ಗೀಚಿದ್ದಲ್ಲ. ನಾನು ಹಾಕಿದ್ದು" ಅಂದರು.

ಆ ವರ್ಷ ರೈಟ್ರಿಗೆ ಜ್ವರ ಬಂದು ಹನ್ನೊಂದು ದಿನ ಏಳಲು ಆಗಲಿಲ್ಲವಂತೆ. ಆಫೀಸ್ ಗುಡಿಸುತ್ತಿದ್ದದ್ದು ಇವರು. "ನನಗೆ ಓದು ಬರಹ ಇಲ್ಲ. ಅಳೀತೀಯಾ ಅಂತ ಮಲಗಿದಲ್ಲಿಂದಲೇ ಹೇಳಿ ಕಳಿಸಿದರು. ಗ್ಲಾಸ್ ತುಂಬ ಬಂದರೆ ಒಂದು ಉದ್ದ ಗೀಟು ಹಾಕು, ಚೆಲ್ಲಿಬಿಡು. ಕೊನೆಗೆ ಉಳಿದದ್ದು ಗ್ಲಾಸಿನ ಎಷ್ಟನೇ ಗೆರೆಗೆ ಬರುತ್ತದೋ ಅಷ್ಟು ಗಿಡ್ಡ ಗೀಟು. ಬೇರೆ ಏನೂ ಬರೀಬೇಡ ಅಂದರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ದಿನ ಬಗ್ಗಿಸುವಾಗ ಸ್ವಲ್ಪ ಚೆಲ್ಲಿತು. ಅದಕ್ಕೆ ಒಂದು ಗಿಡ್ಡ ಗೀಟು ಜಾಸ್ತಿ ಹಾಕಿದೆ. ಅವರಿಗೆ ಹೇಳಲಿಲ್ಲ" ಅಂದರು.

ಯಾವ ದಿನ ಅಂತ ಕೇಳಿದೆ. ನೆನಪಿಲ್ಲ ಅಂದರು. ಊಟ ಮಾಡಿ ಹೋದರು.

ಮನೆಗೆ ಬಂದು ದೀಪದ ಕೆಳಗೆ ಆ ಪುಟ ತೆಗೆದೆ. ಹಳೇ ಅಳತೆ ಗ್ಲಾಸ್ ತುಂಬ ಅಂದರೆ ಅರ್ಧ ಇಂಚು, ಐವತ್ತು ಸೆಂಟ್. ಜುಲೈ 10: ಎರಡು ಉದ್ದ, ಹನ್ನೆರಡು ಗಿಡ್ಡ. ಕೆಳಗೆ ಮಸಿಯಲ್ಲಿ 1.12. ಜುಲೈ 11: ನಾಲ್ಕು ಉದ್ದ, ಮೂರು ಗಿಡ್ಡ. 2.03. ಹನ್ನೊಂದು ದಿನವನ್ನೂ ಎಣಿಸಿದೆ. ಹತ್ತು ದಿನ ಸರಿಯಾಗಿ ಕೂತಿತು. 17ನೇ ತಾರೀಖು ಗಿಡ್ಡ ಗೀಟು ಒಂಬತ್ತು, ಕೊನೆಯದು ಸ್ವಲ್ಪ ಓರೆ. ಅಜ್ಜ ಮಸಿಯಲ್ಲಿ ಬರೆದದ್ದು ಎಂಟು.